ಮೊದಲಾದವರು

ನಮ್ಮ ದೊಡ್ಡಮ್ಮನ ಫೋಟೊ ಪೇಪರಿನಲ್ಲಿ ಬಂದದ್ದು ಒಮ್ಮೆ, ರಾಯಚೂರಿನ ನಮ್ಮ ಓಣಿಯಲ್ಲಿ ನಳ ಉದ್ಘಾಟನೆಯಾದಾಗ. ಆ ಹಾಳೆ ಈಗಲೂ ಟ್ರಂಕಿನ ತಳದಲ್ಲಿದೆ, ನುಸಿಗುಳಿಗೆ ವಾಸನೆ ಹೊಡೆಯುತ್ತ. ಮುಂದೆ, ಗದ್ದದವರೆಗೆ ಹಾರದಲ್ಲಿ ಮುಳುಗಿದ ಒಂಬತ್ತು ಜನ. ಒಬ್ಬರ ಕೈ ನಳದ ಮೇಲೆ, ಉಳಿದ ಎಂಟು ಮಂದಿಯ ಕೈ ಆ ಕೈಯ ಮೇಲೆ. ನೀರು ಮಾತ್ರ ಕಾಣುವುದಿಲ್ಲ. ಅಚ್ಚಿನ ದೋಷ ಎಂದು ನಂಬಿದ್ದೇವೆ. ಇಬ್ಬರ ಭುಜದ ಸಂದಿಯಲ್ಲಿ ಒಂದು ಹಿತ್ತಾಳೆ ಕೊಡ, ಅದರ ಮೇಲೆ ಅರ್ಧ ಮುಖ. ಕಣ್ಣಿನ ಹತ್ತಿರ ಹಿಡಿದರೆ ಬರೀ ಕಪ್ಪು ಚುಕ್ಕಿ, ಕೈ ಚಾಚಿ ಹಿಡಿದರೆ ದೊಡ್ಡಮ್ಮ. ಕೆಳಗೆ ಒಂಬತ್ತು ಹೆಸರು, ಒಂಬತ್ತು ಪದವಿ, ಕೊನೆಗೆ 'ಮೊದಲಾದವರು ಚಿತ್ರದಲ್ಲಿದ್ದಾರೆ.' ಅಂದಿನಿಂದ ಮನೆಯಲ್ಲಿ ಆಕೆಗೆ ಅದೇ ಹೆಸರು. "ಮೊದಲಾದವರದು ಊಟ ಆತೇನು?"

ಹಳೆಯ ಪೇಪರುಗಳಲ್ಲಿ ಊರಿನ ದಿನದ ಬದುಕು ಸಿಗುವುದು ಹೀಗೆ, ಕದ್ದುಮುಚ್ಚಿ. ಗುದ್ದಲಿ ಪೂಜೆಯ ಮೂಲೆಯಲ್ಲಿ ಟಾಂಗಾದ ಗಾಲಿ. ತೀನ್ ಕಂದೀಲ್ ಸರ್ಕಲ್ ಹತ್ತಿರದ ಸನ್ಮಾನದ ಹಿಂದೆ ಮಿರ್ಚಿ ಕರಿಯುವವನ ಬಾಣಲೆ. ಇವರನ್ನು ಯಾರೂ ಫೋಟೊ ತೆಗೆಯಲಿಲ್ಲ. ಇವರು ಪಕ್ಕಕ್ಕೆ ಸರಿಯಲಿಲ್ಲ, ಅಷ್ಟೇ.

ಪಾಪ, ಇದನ್ನು ಕಲಿಸಿದವರು ಪತ್ರಿಕೆಯವರಲ್ಲ. ನಮ್ಮ ಕೋಟೆಯ ಗೋಡೆಯಲ್ಲಿ ಭಾರಿ ಉದ್ದದ ಕಲ್ಲೊಂದಿದೆ. 1294ರ ತೆಲುಗು ಶಾಸನ, ಗೋರೆ ಗಂಗಯ್ಯ ರೆಡ್ಡಿಯವರ ಹೆಸರು ಅದರಲ್ಲಿದೆ. ಆ ಕಲ್ಲನ್ನು ಸಾಗಿಸಿ ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ: ಬಂಡಿಗೆ ಹೂಡಿದ ಕೋಣಗಳ ಸಾಲು, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಜನ. ನೂಕಿದವರ ಹೆಸರಿಲ್ಲ. ಏಳುನೂರು ವರ್ಷದ ಹಿಂದಿನ ಮೊದಲಾದವರು! ಆ ಕೋಣಗಳಿಗಾದರೂ ಪೂರ್ತಿ ಮೈ ಸಿಕ್ಕಿದೆ.

ಈಗ ಹಳೆಯ ಫೋಟೊಗಳಿಗೆ ಶುಕ್ರದೆಸೆ. 'ಅಂದಿನ ಜನಜೀವನ' ಅಂತ ಪ್ರದರ್ಶನ ಮಾಡುತ್ತೇವೆಂದು ಒಂದು ಸಮಿತಿಯವರು ಮನೆಗೆ ಬಂದರು. ಹಾಳೆ ನೋಡಿ, "ಇದರಾಗ ಜನಜೀವನ ಎಲ್ಲೈತ್ರಿ?" ಅಂದರು. ಕೊಡ ತೋರಿಸಿದೆ. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತೂಗುಹಾಕಿದರು.

ನೋಡಲು ಬಂದ ಹುಡುಗನೊಬ್ಬ, "ಇದರಾಗ ಹಳೇದು ಏನೈತ್ರಿ?" ಅಂತ ಕೇಳಿದ. ತಪ್ಪಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಖಾಲಿ ಕೊಡದ ಪಾಳಿ. ಹಿತ್ತಾಳೆ ಹೋಗಿ ಪ್ಲಾಸ್ಟಿಕ್ ಬಂದಿದೆ, ಚುಕ್ಕಿ ಹೋಗಿ ಬಣ್ಣ ಬಂದಿದೆ.

ಉದ್ಘಾಟನೆಗೆ ದೊಡ್ಡಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅತಿಥಿಗಳು ಅದೇ ಫೋಟೊದ ಮುಂದೆ ಸಾಲಾಗಿ ನಿಂತರು. ಕ್ಯಾಮೆರಾದವನು ದೊಡ್ಡಮ್ಮನಿಗೆ, "ಅಮ್ಮಾ, ಚೂರು ಹಿಂದ ಸರೀರಿ" ಅಂದ.

ಮರುದಿನ ಪೇಪರಿನಲ್ಲಿ ಹನ್ನೊಂದು ಹೆಸರು. ಅತಿಥಿಗಳ ಶಾಲುಗಳ ನಡುವೆ, ಹಿಂದಿನ ಗೋಡೆಯಲ್ಲಿ, ಕೊಡವೊಂದೇ ಕಾಣುತ್ತಿತ್ತು. ದೊಡ್ಡಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಈ ಸಲ ಕೊಡ ಪೂರ್ತಿ ಬಂದೈತಿ ಬಿಡಪ್ಪ. ಆ ಪೇಪರ್ ಆಕಡೆ ಇಡು, ನಳ ಬಂದೈತೇನು ನೋಡಿ ಬಾ."