ಹತ್ತಿ ಕಚ್ಚಿಸಿ ಮನೆಗೆ ಕಳಿಸುವ ಮುನ್ನ

ಹಲ್ಲಿನ ಕ್ಲಿನಿಕ್ಕಿಗೆ ಹೋದರೆ ಮೊದಲು ಒಂದು ಫಾರ್ಮ್ ತುಂಬಿಸುತ್ತಾರೆ. ಬಿಪಿ ಇದೆಯಾ, ಶುಗರ್ ಇದೆಯಾ, ಹಾರ್ಟ್ ತೊಂದರೆ, ಅಸ್ತಮಾ, ಫಿಟ್ಸ್, ಯಾವುದಾದರೂ ಮಾತ್ರೆಗೆ ಅಲರ್ಜಿ, ಹೆಂಗಸರಾದರೆ ಬಸುರಿಯಾ. ನಿದ್ದೆಯ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಹೆಚ್ಚೆಂದರೆ ಗೊರಕೆ ಹೊಡೀತೀರಾ ಅಂತ ಕೇಳುವವರು ಸಿಗಬಹುದು. ನಾರ್ಕೊಲೆಪ್ಸಿ, ಅಂದರೆ ಹಗಲಲ್ಲೂ ನಿದ್ದೆ ಎಳೆಯುವ ನರರೋಗ, ಇರುವವರು ತಾವಾಗಿ ಬಾಯಿಬಿಡುವುದೂ ಕಡಿಮೆ. ಶಾಲೆಯಲ್ಲಿ ಸೋಮಾರಿ, ಮನೆಯಲ್ಲಿ ಕುಂಭಕರ್ಣ ಅನ್ನಿಸಿಕೊಂಡು ಸಾಕಾಗಿರುತ್ತದೆ. ಹಲ್ಲಿಗೂ ನಿದ್ದೆಗೂ ಏನು ಸಂಬಂಧ ಅಂತ ಸುಮ್ಮನಿರುತ್ತಾರೆ.

ಸಂಬಂಧ ಇದೆ. ಎಲ್ಲರೂ ಹೆದರುವುದು ಡ್ರಿಲ್ಲಿಗೆ. ಆದರೆ ಡ್ರಿಲ್ ಓಡುವಾಗ ಡಾಕ್ಟರ ಕಣ್ಣು ಪೇಷೆಂಟಿನ ಬಾಯಿಯೊಳಗೇ ಇರುತ್ತದೆ, ಪಕ್ಕದಲ್ಲಿ ಅಸಿಸ್ಟೆಂಟ್ ಇರುತ್ತಾರೆ, ಜೊಲ್ಲು ಹೀರುವ ಸಕ್ಷನ್ ಓಡುತ್ತಿರುತ್ತದೆ. ನನಗೆ ಹೆಚ್ಚು ಭಯ ಇರುವುದು ಕೆಲಸ ಮುಗಿದ ಮೇಲೆ ನಾವು ಹಲ್ಲಿನ ಡಾಕ್ಟರುಗಳು ಅಭ್ಯಾಸಬಲದಿಂದ ಮಾಡುವ ಮೂರು ಕೆಲಸಗಳ ಬಗ್ಗೆ: ಹತ್ತಿ ಕಚ್ಚಿಸುವುದು, ಚೀಟಿ ಬರೆಯುವುದು, "ಆಯ್ತು, ಹೊರಡಿ" ಅನ್ನುವುದು.

ಕಾಯಿಲೆಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಮಿದುಳಿನ ಹೈಪೊಥಲಾಮಸ್‌ನಲ್ಲಿ ಹೈಪೊಕ್ರೆಟಿನ್ ಅನ್ನುವ ರಾಸಾಯನಿಕ ತಯಾರಿಸುವ ನರಕೋಶಗಳಿವೆ. ನಮ್ಮನ್ನು ಎಚ್ಚರದಲ್ಲಿ ಹಿಡಿದಿಡುವುದು ಅದೇ. 1998ರಲ್ಲಷ್ಟೇ ಅದು ಪತ್ತೆಯಾಯಿತು. ನಾರ್ಕೊಲೆಪ್ಸಿಯ ಮೊದಲ ಬಗೆಯಲ್ಲಿ ಈ ಕೋಶಗಳು ನಾಶವಾಗಿರುತ್ತವೆ. ಸಾಮಾನ್ಯವಾಗಿ ಹರೆಯದಲ್ಲಿ ಶುರುವಾಗಿ ಜೀವನವಿಡೀ ಇರುತ್ತದೆ. ಹಗಲಲ್ಲಿ ತಡೆಯಲಾಗದ ನಿದ್ದೆ ಒಂದು ಲಕ್ಷಣ. ಇನ್ನೊಂದು ಕ್ಯಾಟಪ್ಲೆಕ್ಸಿ: ಜೋರಾಗಿ ನಕ್ಕಾಗ, ಬೆಚ್ಚಿಬಿದ್ದಾಗ, ಸಿಟ್ಟು ಬಂದಾಗ ಸ್ನಾಯುಗಳ ಬಲ ಇದ್ದಕ್ಕಿದ್ದಂತೆ ಹೋಗುತ್ತದೆ. ಮಂಡಿ ಕುಸಿಯುತ್ತದೆ, ಕತ್ತು ಜೋಲುತ್ತದೆ, ದವಡೆ ಸಡಿಲವಾಗುತ್ತದೆ, ಮಾತು ತೊದಲುತ್ತದೆ. ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ. ಸಾಮಾನ್ಯವಾಗಿ ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ.

ಈಗ ಹತ್ತಿಯ ವಿಷಯ. ಹಲ್ಲು ಕಿತ್ತ ಮೇಲೆ ಮಡಿಸಿದ ಗಾಜ್ (ಹತ್ತಿಯ ಜಾಳು ಬಟ್ಟೆ) ಇಟ್ಟು "ಒಂದು ಗಂಟೆ ಕಚ್ಚಿಕೊಂಡಿರಿ, ಆಮೇಲೆ ತೆಗೆದು ಬಿಸಾಕಿ" ಅಂತ ಕಳಿಸುವುದು ನಮ್ಮಲ್ಲಿ ರೂಢಿ. ಪೇಷೆಂಟು ಬಸ್ ಹತ್ತುತ್ತಾರೆ, ಕಿಟಕಿ ಪಕ್ಕ ಕೂರುತ್ತಾರೆ. ಬೆಳಗಿನಿಂದ ಆತಂಕದಲ್ಲಿದ್ದವರಿಗೆ ಈಗ ನಿರಾಳ. ನಾರ್ಕೊಲೆಪ್ಸಿಯವರಿಗೆ ಜೋಂಪು ಹತ್ತಲು ಇದಕ್ಕಿಂತ ಒಳ್ಳೆಯ ಸಮಯ ಬೇಕಿಲ್ಲ. ಬಾಯಿ ಮರಗಟ್ಟಿದೆ, ದವಡೆ ಸಡಿಲವಾಗಿದೆ, ಒಳಗೆ ರಕ್ತ ಮತ್ತು ಜೊಲ್ಲು ಹೀರಿಕೊಂಡ ಬಟ್ಟೆ. ಅದು ಗಂಟಲಿಗೆ ಜಾರಿ ಉಸಿರುದಾರಿಗೆ ಅಡ್ಡ ಬರಬಹುದು.

ಆದ್ದರಿಂದ ಇವರ ಬಾಯಲ್ಲಿ ಗಾಜ್ ಇಟ್ಟು ಹೊರಗೆ ಕಳಿಸಲೇಬಾರದು. ಕಿತ್ತ ಕುಳಿಯಲ್ಲಿ ಜೆಲಾಟಿನ್ ಸ್ಪಂಜ್ ಇಟ್ಟು ಒಂದೆರಡು ಹೊಲಿಗೆ ಹಾಕಿ. ಗಾಜ್ ಬಟ್ಟೆಯನ್ನು ಉದ್ದಕ್ಕೆ ಮಡಿಸಿ ಅದರ ಬಾಲ ತುಟಿಯಿಂದ ಆಚೆ ಕಾಣುವಂತಿಡಿ. ಮುಕ್ಕಾಲು ಕೂತ ಭಂಗಿಯಲ್ಲಿ 30 ನಿಮಿಷ ಕ್ಲಿನಿಕ್ಕಿನಲ್ಲೇ, ಯಾರಾದರೂ ನೋಡುತ್ತಿರುವಂತೆ ಕೂರಿಸಿ. ರಕ್ತ ನಿಂತಿದೆ ಅಂತ ಟಾರ್ಚ್ ಬಿಟ್ಟು ನೋಡಿ, ಗಾಜ್ ತೆಗೆದು, ಆಮೇಲೆ ಕಳಿಸಿ. ಮನೆಯಲ್ಲಿ ಮತ್ತೆ ಒಸರಿದರೆ ಏನು ಮಾಡಬೇಕು ಅನ್ನುವುದನ್ನು ಪೇಷೆಂಟಿಗಲ್ಲ, ಜೊತೆಗೆ ಬಂದವರಿಗೆ ಹೇಳಿ: ಹೊಸ ಗಾಜ್ ಇಟ್ಟರೆ ಎದುರಿಗೇ ಕೂತಿರಬೇಕು, ಕಣ್ಣು ಎಳೆಯತೊಡಗಿದರೆ ಮೊದಲು ಗಾಜ್ ಹೊರಗೆ ತೆಗೆಯಬೇಕು. ಚೇರ್ ಖಾಲಿ ಮಾಡಿಸುವ ಅವಸರದಲ್ಲಿ ಈ ಅರ್ಧ ಗಂಟೆ ದುಬಾರಿ ಅನ್ನಿಸಬಹುದು. ಅನ್ನಿಸಲಿ, ಕಾಯುವ ಕೋಣೆಯಲ್ಲಿ ಒಂದು ಕುರ್ಚಿ ಸಾಕು.

ಕೆಳದವಡೆಗೆ ಕೊಟ್ಟ ಬ್ಲಾಕ್ ಇಂಜೆಕ್ಷನ್ನಿನಿಂದ ತುಟಿ, ನಾಲಿಗೆ 3ರಿಂದ 5 ಗಂಟೆ ಮರಗಟ್ಟಿರುತ್ತವೆ. ಆ ಹೊತ್ತಲ್ಲಿ ಊಟದ ಮಧ್ಯೆ ತೂಕಡಿಸಿದರೆ ತುಟಿ ಕಚ್ಚಿಕೊಂಡದ್ದು ಗೊತ್ತೇ ಆಗುವುದಿಲ್ಲ. ಇನ್ನೊಂದು ಸಣ್ಣ ವಿಷಯ, ಯಾರೂ ಯೋಚಿಸುವುದಿಲ್ಲ: ಇವತ್ತು ಬಿಸಿಯದು ಏನೂ ಬೇಡ ಅಂತ ನಾವು ಹೇಳಿದರೆ ಅವರ ದಿನದ ಎರಡು ಲೋಟ ಕಾಫಿಗೂ ಕತ್ತರಿ ಬೀಳುತ್ತದೆ. ಎಚ್ಚರವಿರಲು ಅದನ್ನೇ ನೆಚ್ಚಿಕೊಂಡವರು ಬಹಳ ಮಂದಿ. ಆರಿದ ಕಾಫಿ ಕುಡಿಯಬಹುದು, ಸ್ಟ್ರಾ ಮಾತ್ರ ಬೇಡ ಅಂತ ಬಿಡಿಸಿ ಹೇಳಿ.

ಅಪಾಯಿಂಟ್‌ಮೆಂಟ್ ಕೊಡುವಾಗ ಕೇಳಬೇಕಾದ ಪ್ರಶ್ನೆ ಎರಡೇ: ಮಾತ್ರೆ ಎಷ್ಟು ಗಂಟೆಗೆ ತಗೋತೀರಿ, ನಿದ್ದೆ ಯಾವ ಹೊತ್ತಲ್ಲಿ ಜಾಸ್ತಿ ಕಾಡುತ್ತೆ. ಎಚ್ಚರವಿಡುವ ಮಾತ್ರೆ ಮೊಡಾಫಿನಿಲ್ ರಕ್ತದಲ್ಲಿ ಉತ್ತುಂಗಕ್ಕೆ ಏರಲು 2ರಿಂದ 4 ಗಂಟೆ ಬೇಕು. ಏಳೂವರೆಗೆ ನುಂಗುವವರಿಗೆ ಹತ್ತು ಗಂಟೆಯ ಹೊತ್ತು ಚೆನ್ನ, ಊಟವಾದ ಮೇಲೆ ಮಧ್ಯಾಹ್ನ ಮೂರು ಗಂಟೆಯ ಹೊತ್ತು ಬೇಡವೇ ಬೇಡ. ಬರುವ ಮುಂಚೆ 15-20 ನಿಮಿಷ ಮಲಗೆದ್ದು ಬಂದರೆ ಇನ್ನೂ ಒಳ್ಳೆಯದು. ಒಂದೂವರೆ ಗಂಟೆಯ ರೂಟ್ ಕೆನಾಲನ್ನು 45 ನಿಮಿಷದ ಎರಡು ಸಿಟ್ಟಿಂಗ್ ಮಾಡಿ. "ಹಲ್ಲು ಕೀಳಿಸುವ ದಿನ ಯಾವ ಮಾತ್ರೆಯೂ ತಗೋಬೇಡಿ" ಅಂತ ಪಕ್ಕದ ಮನೆಯವರು ಕೊಡುವ ಸಲಹೆ ಇಲ್ಲಿ ಕೇಡು. ಕ್ಯಾಟಪ್ಲೆಕ್ಸಿಗೆ ಕೊಡುವ ವೆನ್ಲಾಫಾಕ್ಸಿನ್, ಕ್ಲೊಮಿಪ್ರಮಿನ್‌ಗಳನ್ನು ಹಠಾತ್ತನೆ ನಿಲ್ಲಿಸಿದರೆ ಕುಸಿತಗಳು ಒಂದರ ಹಿಂದೊಂದು ಗಂಟೆಗಟ್ಟಲೆ ಬರುವುದುಂಟು.

ಚೇರ್ ಪೂರ್ತಿ ಚಪ್ಪಟೆ ಮಾಡಬೇಡಿ. 45 ಡಿಗ್ರಿ ಸಾಕು. ಮಲಗಿಸಿದಷ್ಟೂ ನಿದ್ದೆ ಹತ್ತಿರ, ನಾಲಿಗೆಯೂ ಹಿಂದಕ್ಕೆ ಬೀಳುತ್ತದೆ. ಬಾಯಿ ತೆರೆದಿಡುವ ಬೈಟ್ ಬ್ಲಾಕ್‌ಗೆ ಒಂದೂವರೆ ಅಡಿ ಫ್ಲಾಸ್ ದಾರ ಕಟ್ಟಿ ಹೊರಗೆ ಬಿಡಿ, ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಹರಡುವ ರಬ್ಬರ್ ಹಾಳೆ) ಹಿಡಿದಿಡುವ ಕ್ಲ್ಯಾಂಪ್‌ಗೂ ಹಾಗೇ. ರೂಟ್ ಕೆನಾಲ್ ಆದರೆ ರಬ್ಬರ್ ಡ್ಯಾಮ್ ಇಲ್ಲದೆ ಶುರು ಮಾಡಲೇಬೇಡಿ, ಬೇರಿನೊಳಗೆ ಆಡಿಸುವ ಸೂಜಿಯಂಥ ಫೈಲ್ ಜಾರಿದರೆ ತಡೆಯಲು ಬೇರೆ ಏನೂ ಇರುವುದಿಲ್ಲ. ಕ್ರೌನ್ (ಹಲ್ಲಿಗೆ ಹಾಕುವ ಟೋಪಿ) ಕೂರಿಸಿ ನೋಡುವಾಗ ಗಂಟಲಿಗೆ ಅಡ್ಡಲಾಗಿ ಬಿಡಿಸಿದ ಗಾಜ್ ಇಡಿ. ಹಲ್ಲಿನ ಅಚ್ಚು ತೆಗೆಯುವುದಿದ್ದರೆ ನೆಟ್ಟಗೆ ಕೂರಿಸಿ, ಬೇಗ ಗಟ್ಟಿಯಾಗುವ ಆಲ್ಜಿನೇಟ್ ಅನ್ನುವ ಅಚ್ಚಿನ ಹಿಟ್ಟು ಬಳಸಿ, ಟ್ರೇ ಹಿಂಭಾಗಕ್ಕೆ ಕಡಿಮೆ ತುಂಬಿ. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ. ಕೋವಿಡ್ ಕಾಲದಲ್ಲಿ ಕೊಂಡದ್ದು ಎಷ್ಟೋ ಕ್ಲಿನಿಕ್‌ಗಳ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿದೆ.

ಇಂಜೆಕ್ಷನ್ ಕೊಡುವಾಗ ಜೋಕ್ ಬೇಡ. ಪೇಷೆಂಟನ್ನು ನಗಿಸಿ ಹಗುರ ಮಾಡುವುದನ್ನು ನಾವೆಲ್ಲ ಒಳ್ಳೆಯ ಗುಣ ಅಂದುಕೊಂಡಿದ್ದೇವೆ, ಬೇರೆಯವರ ಮಟ್ಟಿಗೆ ಅದು ನಿಜವೂ ಹೌದು. ಕ್ಯಾಟಪ್ಲೆಕ್ಸಿ ಇರುವವರಿಗೆ ನಗುವೇ ದೊಡ್ಡ ಪ್ರಚೋದನೆ. ಸೂಜಿ ಕಾಣದಂತೆ ಹಿಂದಿನಿಂದ ತಂದು ಥಟ್ಟನೆ ಚುಚ್ಚುವ ಜಾಣತನವೂ ಬೇಡ, ಬೆಚ್ಚುವುದೂ ಅಷ್ಟೇ ಕೆಟ್ಟದ್ದು. "ಈಗ ಜೆಲ್ ಹಚ್ತೀನಿ, ಈಗ ಸಣ್ಣಗೆ ಚುಚ್ಚುತ್ತೆ" ಅಂತ ಹೇಳುತ್ತಾ ಹೋಗಿ. ಕೈಯ ಕಿರುಬೆರಳು ಪೇಷೆಂಟಿನ ಗಲ್ಲದ ಮೇಲೆ ಊರಿರಲಿ. ತಲೆ ವಾಲಿದರೆ ನಿಮ್ಮ ಕೈಯೂ ಜೊತೆಗೇ ಚಲಿಸಬೇಕು. ನಿಮಿಷಕ್ಕೆ 1 ಮಿಲಿಗಿಂತ ವೇಗ ಬೇಡ. ರೆಪ್ಪೆ ಇಳಿಯತೊಡಗಿದ್ದು ಕಂಡರೆ ಸೂಜಿ ಆಚೆ ತೆಗೆಯಿರಿ.

ಕುಸಿತ ಬಂತು ಅಂದುಕೊಳ್ಳಿ. ಪೆಡಲ್ ಬಿಟ್ಟ ಮೇಲೂ ಡ್ರಿಲ್ಲಿನ ತುದಿಯ ಬರ್ ಒಂದೆರಡು ಕ್ಷಣ ತಿರುಗುತ್ತದೆ, ಅದನ್ನು ಕೆನ್ನೆ-ನಾಲಿಗೆಯಿಂದ ದೂರ ಸರಿಸಿಯೇ ಹೊರಗೆ ತೆಗೆಯಿರಿ. ಬಾಯಲ್ಲಿರುವುದನ್ನೆಲ್ಲ ತೆಗೆದು, ಸಕ್ಷನ್ ಹಾಕಿ, ತಲೆ ಪಕ್ಕಕ್ಕೆ ತಿರುಗಿಸಿ, ಗಲ್ಲ ಎತ್ತಿಹಿಡಿಯಿರಿ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮುಖಕ್ಕೆ ನೀರೆರಚುವುದು, ಕೆನ್ನೆಗೆ ತಟ್ಟುವುದು ಯಾವುದೂ ಬೇಡ. ಅವರಿಗೆ ನೀವಾಡುವ ಪ್ರತಿ ಮಾತೂ ಕೇಳಿಸುತ್ತಿರುತ್ತದೆ. ಹಾಗಾಗಿ "ಅಯ್ಯೋ ಏನಾಯ್ತು" ಅನ್ನುವುದು ಬಿಟ್ಟು "ಗೊತ್ತಾಯ್ತು, ನಿಧಾನಕ್ಕೆ ಬಿಡಿ, ನಾವಿದ್ದೀವಿ" ಅನ್ನಿ. ಫಿಟ್ಸ್ ಅಂತ ತಪ್ಪು ತಿಳಿದು ಮಂಪರು ತರಿಸುವ ಮಿಡಜೋಲಾಮ್ ಕೊಡುವುದು ಇಲ್ಲಿ ಆಗಬಹುದಾದ ದೊಡ್ಡ ಪ್ರಮಾದ. ಫಿಟ್ಸ್‌ನಲ್ಲಿ ಮೈ ಬಿಗಿದು ಕೈಕಾಲು ಝಾಡಿಸುತ್ತವೆ, ಆಮೇಲೆ ಗೊಂದಲದ ಮಂಪರು ಇರುತ್ತದೆ. ಕ್ಯಾಟಪ್ಲೆಕ್ಸಿಯಲ್ಲಿ ಮೈ ಸಡಿಲ, ಮುಖ ಅಲ್ಲಲ್ಲಿ ಅದುರಬಹುದು, ಮುಗಿದ ತಕ್ಷಣ ನಡೆದದ್ದನ್ನೆಲ್ಲ ಅವರೇ ಹೇಳುತ್ತಾರೆ. ಉಸಿರಾಟದ ವಪೆಗೆ (ಎದೆ-ಹೊಟ್ಟೆಯ ನಡುವಿನ ಸ್ನಾಯುವಿಗೆ) ಏನೂ ಆಗಿರುವುದಿಲ್ಲ. ಆದರೂ ಆಕ್ಸಿಮೀಟರಿನಲ್ಲಿ ಆಮ್ಲಜನಕ ಶೇಕಡಾ 94ಕ್ಕಿಂತ ಇಳಿದರೆ, ಕೆಲವು ನಿಮಿಷ ಕಳೆದರೂ ಚೇತರಿಕೆ ಕಾಣದಿದ್ದರೆ ಬೇರೆ ಏನೋ ಆಗಿದೆ ಅಂತಲೇ ತಿಳಿದು ಆಂಬುಲೆನ್ಸ್‌ಗೆ ಫೋನ್ ಮಾಡಿ. ಬರೀ ನಿದ್ದೆ ಹತ್ತಿದ್ದಾದರೆ ಹೆಸರು ಹಿಡಿದು ಕರೆದು ಭುಜ ತಟ್ಟಿ. ಹತ್ತು-ಹದಿನೈದು ನಿಮಿಷ ಮಲಗಲು ಬಿಟ್ಟರೆ ಎಷ್ಟೋ ಸಲ ಉಳಿದ ಕೆಲಸ ಸಲೀಸಾಗಿ ಮುಗಿಯುತ್ತದೆ.

ಅರೆನಿದ್ದೆಯ ಇನ್ನೊಂದು ಮುಖವೂ ಇದೆ. ಇವರು ನಿದ್ದೆಗೆ ಜಾರುವಾಗ ನಿಜವೆಂಬಷ್ಟು ಸ್ಪಷ್ಟವಾದ ಭ್ರಮೆಗಳು ಬರುತ್ತವೆ. ಯಾರೋ ಎದೆ ಅಮುಕಿದಂತೆ, ಮುಟ್ಟಿದಂತೆ. ಕೋಣೆಯಲ್ಲಿ ಯಾವಾಗಲೂ ಮೂರನೆಯವರು ಇರಲಿ, ಇಬ್ಬರಿಗೂ ಅದೇ ರಕ್ಷಣೆ. ಇನ್ನು ನಿದ್ದೆಯಲ್ಲೇ "ಹ್ಞೂಂ, ಸರಿ ಡಾಕ್ಟ್ರೇ" ಅನ್ನುವುದೂ ಈ ಕಾಯಿಲೆಯ ಭಾಗ. ಆ ಹ್ಞೂಂ ನಂಬಿ ಇನ್ನೊಂದು ಹಲ್ಲಿಗೆ ಕೈ ಹಾಕಬೇಡಿ. ಸೂಚನೆಗಳನ್ನು ಕನ್ನಡದಲ್ಲಿ ಬರೆದು ಜೊತೆಯವರ ಕೈಗೆ ಕೊಡಿ.

ಚೀಟಿಗೆ ಬರೋಣ. ನಮ್ಮಲ್ಲಿ ಹಲ್ಲು ಕಿತ್ತ ನೋವು ಜಾಸ್ತಿ ಅಂದರೆ ಟ್ರಮಡಾಲ್-ಪ್ಯಾರಾಸಿಟಮಾಲ್ ಮಾತ್ರೆ ಬರೆಯುವುದು ಸಲೀಸು. ವೆನ್ಲಾಫಾಕ್ಸಿನ್, ಫ್ಲೂಆಕ್ಸೆಟಿನ್, ಕ್ಲೊಮಿಪ್ರಮಿನ್ ತೆಗೆದುಕೊಳ್ಳುವವರಿಗೆ ಇದು ಕೂಡದು. ನರಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ ಅನ್ನುವ ರಾಸಾಯನಿಕ ವಿಪರೀತವಾಗಿ ನಡುಕ, ಜ್ವರ, ಬೆವರು, ಗೊಂದಲ ಬರಬಹುದು, ಫಿಟ್ಸ್ ಕೂಡ. ಫ್ಲೂಆಕ್ಸೆಟಿನ್ ಇದ್ದರಂತೂ ಟ್ರಮಡಾಲ್ ನೋವನ್ನೂ ಸರಿಯಾಗಿ ಕಡಿಮೆ ಮಾಡುವುದಿಲ್ಲ. ದವಡೆ ಕೀಲಿನ ನೋವಿಗೆ ಬರೆಯುವ ಕ್ಲೋರ್‌ಜಾಕ್ಸಜೋನ್ ಬೆರೆತ ಮಾತ್ರೆ, ಹೆದರುವವರಿಗೆ ಹಿಂದಿನ ರಾತ್ರಿಗೆಂದು ಕೊಡುವ ಡಯಾಜೆಪಾಮ್ ಎರಡೂ ಮಂಪರು ತರುತ್ತವೆ. ಡಯಾಜೆಪಾಮ್ ದೇಹದಿಂದ ಹೊರಹೋಗುವುದನ್ನು ಮೊಡಾಫಿನಿಲ್ ನಿಧಾನ ಮಾಡುತ್ತದೆ, ಮಂಪರು ಮರುದಿನಕ್ಕೂ ಉಳಿಯಬಹುದು. ಈ ಕಾಯಿಲೆಗೆ ರಾತ್ರಿ ಕೊಡುವ ಸೋಡಿಯಂ ಆಕ್ಸಿಬೇಟ್ ಕುಡಿಯುವವರಿಗೆ, ವಿದೇಶದಲ್ಲಿ ಚಿಕಿತ್ಸೆ ಪಡೆದು ರಜೆಗೆ ಊರಿಗೆ ಬಂದವರಲ್ಲಿ ಇಂಥವರು ಸಿಗಬಹುದು, ನಿದ್ದೆ ತರಿಸುವ ಯಾವ ಮಾತ್ರೆ ಸೇರಿದರೂ ಉಸಿರೇ ಕುಗ್ಗುವ ಅಪಾಯ. ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ 400 ಮಿಗ್ರಾಂ ಬಹುಪಾಲು ಸಾಕಾಗುತ್ತದೆ. ಆದರೆ ವೆನ್ಲಾಫಾಕ್ಸಿನ್ ಗುಂಪಿನ ಮೇಲೆ ಐಬುಪ್ರೊಫೆನ್ ಬಿದ್ದರೆ ರಕ್ತ ಒಸರುವುದು ಸ್ವಲ್ಪ ಹೆಚ್ಚು. ಹೊಲಿಗೆ ಹಾಕಿ ಅಂದದ್ದಕ್ಕೆ ಅದೂ ಒಂದು ಕಾರಣ.

ಮರಗಟ್ಟಿಸುವ ಔಷಧಿಯಲ್ಲಿರುವ ಅಡ್ರಿನಾಲಿನ್ ಲೆಕ್ಕವೂ ಇರಲಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 1:80,000ದ ಲಿಗ್ನೊಕೇನ್‌ನಲ್ಲಿ ಮಿಲಿಗೆ 12.5 ಮೈಕ್ರೋಗ್ರಾಂ ಇರುತ್ತದೆ. ಕ್ಲೊಮಿಪ್ರಮಿನ್ ತೆಗೆದುಕೊಳ್ಳುವವರಲ್ಲಿ ಹೃದ್ರೋಗಿಗಳ ಮಿತಿಯನ್ನೇ, ಅಂದರೆ 40 ಮೈಕ್ರೋಗ್ರಾಂ, ಪಾಲಿಸುವುದು ಕ್ಷೇಮ. ಅಲ್ಲಿಗೆ 3 ಮಿಲಿ ಗಡಿ. ಪ್ರತಿ ಸಲ ಹಿಂದಕ್ಕೆಳೆದು ರಕ್ತ ಬರುತ್ತದೆಯಾ ನೋಡಿ, ಬಿಪಿ ಮುಂಚೆ ಒಮ್ಮೆ ನಂತರ ಒಮ್ಮೆ ನೋಡಿ. ಅಡ್ರಿನಾಲಿನ್ ಹಚ್ಚಿದ ದಾರ ಒಸಡಿಗೆ ತುರುಕುವುದು ಬೇಡ.

ಈ ಮಾತ್ರೆಗಳಲ್ಲಿ ಹೆಚ್ಚಿನವು ಬಾಯಿ ಒಣಗಿಸುತ್ತವೆ, ಕೆಲವು ಹಲ್ಲು ಕಡಿಯುವ ಚಾಳಿಯನ್ನೂ ತರುತ್ತವೆ. ಎಚ್ಚರವಿರಲು ಸಿಹಿ ಕಾಫಿ ಹೀರುವುದೂ ಸೇರಿ ಒಸಡಿನಂಚಿನ ಹುಳುಕು ಬೇಗ ಬರುತ್ತದೆ. ಮೂರು ತಿಂಗಳಿಗೊಮ್ಮೆ 5 ಶೇಕಡಾ ಸೋಡಿಯಂ ಫ್ಲೋರೈಡ್ ವಾರ್ನಿಷ್, ಸಕ್ಕರೆಯಿಲ್ಲದ ಚೂಯಿಂಗ್ ಗಮ್.

ನಿದ್ದೆಯ ಬೇರೆ ನರರೋಗಗಳ ಬಗ್ಗೆ ಎರಡು ಮಾತು. ರೆಸ್ಟ್‌ಲೆಸ್ ಲೆಗ್ಸ್ ಇರುವವರಿಗೆ ಕೂತಲ್ಲೇ ಕೂತರೆ, ಅದೂ ಸಂಜೆ, ಕಾಲಿನೊಳಗೆ ಹುಳ ಹರಿದಂತಾಗಿ ಒದ್ದಾಡುವಂತಾಗುತ್ತದೆ. ಬೆಳಗ್ಗೆ ಕರೆಯಿರಿ, ನಡುವೆ ಎದ್ದು ಓಡಾಡಲು ಬಿಡಿ. ವಾಂತಿಗೆ ಮೆಟೊಕ್ಲೊಪ್ರಮೈಡ್, ಶಾಂತವಾಗಲೆಂದು ಪ್ರೊಮೆಥಜಿನ್ ಕೊಟ್ಟರೆ ಅದೇ ರಾತ್ರಿ ಕಾಲಿನ ಕಾಟ ದುಪ್ಪಟ್ಟು. ವಾಂತಿಗೆ ಒಂಡನ್ಸೆಟ್ರಾನ್ ಬರೆಯಿರಿ. ನಾಲಿಗೆ ನುಣುಪಾಗಿ ಬಾಯಿಯ ಮೂಲೆ ಒಡೆದಿದ್ದರೆ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಕಬ್ಬಿಣದ ಕೊರತೆ ಈ ಕಾಯಿಲೆಯನ್ನು ಹೆಚ್ಚಿಸುತ್ತದೆ. ವಯಸ್ಸಾದವರೊಬ್ಬರು ನಿದ್ದೆಯಲ್ಲಿ ಮಂಚದಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡು ಬಂದರೆ, ಕನಸಿನಲ್ಲಿ ಒದೆಯುತ್ತಾರಾ, ಗುದ್ದುತ್ತಾರಾ ಅಂತ ಮನೆಯವರನ್ನು ಕೇಳಿ. ಹೌದೆಂದರೆ ನರರೋಗ ತಜ್ಞರಿಗೆ ಚೀಟಿ ಕೊಡಿ, ಕನಸನ್ನು ಅಭಿನಯಿಸುವ ಈ ಕಾಯಿಲೆ ಪಾರ್ಕಿನ್ಸನ್‌ಗಿಂತ ಎಷ್ಟೋ ವರ್ಷ ಮುಂಚೆ ಕಾಣಿಸಿಕೊಳ್ಳುವುದುಂಟು. ಹಗಲು ನಿದ್ದೆ ಅಂದ ಕೂಡಲೇ ಗೊರಕೆ ತಡೆಯಲು ಬಾಯಲ್ಲಿಡುವ ಕ್ಲಿಪ್ ಮಾಡಿಕೊಡುವ ಉತ್ಸಾಹವೂ ಸ್ವಲ್ಪ ತಗ್ಗಲಿ. ಆ ಕ್ಲಿಪ್ ಉಸಿರುದಾರಿ ಮುಚ್ಚುವ ತೊಂದರೆಗೆ, ಹೈಪೊಕ್ರೆಟಿನ್ ಕೊರತೆಗಲ್ಲ. ನಿದ್ದೆಯ ಲ್ಯಾಬ್ ಇರುವ ಕಡೆ, ನಮ್ಮಲ್ಲಿ ಆದರೆ ನಿಮ್ಹಾನ್ಸ್‌ನಂಥ ಕಡೆ, ರಾತ್ರಿಯ ಪರೀಕ್ಷೆ ಮತ್ತು ಮರುದಿನದ ತೂಕಡಿಕೆಯ ಪರೀಕ್ಷೆ ಎರಡೂ ಆದ ಮೇಲೆ ಮಾತಾಡೋಣ.

ಅಡಗಿ ಕೂತ ನಾಲ್ಕೂ ಬುದ್ಧಿಹಲ್ಲು ಒಟ್ಟಿಗೆ ತೆಗೆಸಬೇಕು, ಪೂರ್ತಿ ಅರಿವಳಿಕೆ ಬೇಕು ಅಂದರೆ ಕ್ಲಿನಿಕ್ಕಿನಲ್ಲಿ ಬೇಡ, ಆಸ್ಪತ್ರೆಗೇ ಹೋಗಿ. ಇವರು ಅರಿವಳಿಕೆಯಿಂದ ಏಳುವುದು ತಡವಾಗಬಹುದು, ಎದ್ದ ಮೇಲೂ ನಿದ್ದೆಗೂ ಮಂಪರಿಗೂ ವ್ಯತ್ಯಾಸ ಹೇಳುವುದು ಕಷ್ಟ. ಅರಿವಳಿಕೆ ತಜ್ಞರಿಗೆ ಹಿಂದಿನ ದಿನವೇ ಮಾತ್ರೆಗಳ ಪಟ್ಟಿ ಕೊಡಿ, ಬೆಳಗಿನ ಮಾತ್ರೆ ಒಂದು ಗುಟುಕು ನೀರಿನಲ್ಲಿ ನುಂಗಬಹುದಾ ಅಂತ ಅವರನ್ನೇ ಕೇಳಿ ಬರೆಸಿಕೊಳ್ಳಿ. ಅಂದೇ ಸಂಜೆ ಡಿಸ್ಚಾರ್ಜ್ ಬೇಡ, ಆ ರಾತ್ರಿ ಆಕ್ಸಿಮೀಟರ್ ಹಾಕಿಕೊಂಡು ವಾರ್ಡಿನಲ್ಲೇ ಮಲಗಲಿ.