ಅಹಮದಾಬಾದಿನ ವಾಸ್ತುಶಿಲ್ಪ ಶಾಲೆಯ ಉತ್ತರದ ಗಾಜು: ಒಂದು ಸ್ಪಷ್ಟನೆ

ಮಡಿಕೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಬಿ.ವಿ. ದೋಶಿ ಅಹಮದಾಬಾದಿನ ವಾಸ್ತುಶಿಲ್ಪ ಶಾಲೆಗೆ ಉತ್ತರದಲ್ಲಿ ಗಾಜು ಇಟ್ಟದ್ದು ವಾಸ್ತು ದೋಷ ತಪ್ಪಿಸಲು. ಕೊಡಗಿನಲ್ಲೂ ಹಾಗೇ ಕಟ್ಟಿ." ಇದು ಸರಿಯಲ್ಲ.

ವಾಸ್ತುಶಿಲ್ಪಿ ದೋಶಿ 1962ರಲ್ಲಿ ಆರಂಭಿಸಿದ ಆ ಶಾಲೆ ಇಂದು ಸೆಪ್ಟ್ ವಿಶ್ವವಿದ್ಯಾಲಯದ ಭಾಗ. ಉತ್ತರದಿಂದ ಬೆಳಕು ತೆಗೆದುಕೊಳ್ಳುವುದಕ್ಕೆ ಕಾರಣ ಬಹಳ ಸರಳ. ಅಲ್ಲಿ ಸೂರ್ಯ ಮಧ್ಯಾಹ್ನ ಹೆಚ್ಚುಕಡಿಮೆ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಹಾಗಾಗಿ ಉತ್ತರದ ಗಾಜಿನಿಂದ ಬಿಸಿಲಿಲ್ಲದ ತಂಪು ಬೆಳಕು ಬೀಳುತ್ತದೆ, ನಕ್ಷೆ ಬರೆಯುವ ಕೈಯ ನೆರಳು ಹಾಳೆಯನ್ನು ಕೆಡಿಸುವುದಿಲ್ಲ.

ಮಡಿಕೇರಿ ಇರುವುದು ಅಹಮದಾಬಾದಿಗಿಂತ ಬಹಳ ದಕ್ಷಿಣಕ್ಕೆ, ಸುಮಾರು 12.4 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲುತ್ತಾನೆ. ಮೇ ತಿಂಗಳ ಬಿಸಿಲು ಉತ್ತರದ ಗಾಜಿಗೂ ಬಡಿಯುತ್ತದೆ. ಜೂನ್ ಬಂತೆಂದರೆ ಮೋಡ, ಮಳೆ. ನಕಲು ಮಾಡಿದವರಿಗೆ ಸಿಗುವುದು ಸೆಕೆ, ಆಮೇಲೆ ಸೋರಿಕೆ.

ಆ ಕಟ್ಟಡದಿಂದ ಕಲಿಯುವುದು ಬೇರೆಯೇ ಇದೆ. ಕೆಳಗೆ ತೆರೆದ ಜಾಗ, ಮೆಟ್ಟಿಲುಗಳ ಮೇಲೆ ಕೂತು ಹರಟುವ ಹುಡುಗರು. ಹೊರಗೂ ಅಲ್ಲದ, ಒಳಗೂ ಅಲ್ಲದ ಅಂಥ ಜಾಗ ನಮ್ಮ ಐನ್‌ಮನೆಗಳಲ್ಲೂ (ಕೊಡವರ ಕುಲದ ಹಿರಿಮನೆಗಳಲ್ಲೂ) ಇದೆ. ಕೈಯಾಲೆಯ, ಅಂದರೆ ಮುಂದಿನ ಜಗಲಿಯ, ಕಂಬಗಳ ನಡುವೆ, ಕೂತು ಕೂತು ನುಣುಪಾದ ಐಮರದ ಹಲಗೆಯ ಮೇಲೆ, ಮಳೆ ನೋಡುತ್ತಾ ಎಷ್ಟು ಮಾತು ನಡೆದಿವೆ! ಕೊಡಗಿನಲ್ಲಿ ವಾಸ್ತುಶಿಲ್ಪ ಶಾಲೆ ಕಟ್ಟುವವರು ಉದ್ದ ಸೂರು, ಅಗಲ ಜಗಲಿ ಇಡಲಿ, ಗಾಜು ಎತ್ತ ಎಂಬುದನ್ನು ಇಲ್ಲಿನ ಸೂರ್ಯನನ್ನೇ ನೋಡಿ ತೀರ್ಮಾನಿಸಲಿ. ಆ ಸಂದೇಶ ನಿಮಗೆ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.