ಎಫ್ ಕಲ್ಲು ಕದ್ದವರು ಯಾರು?

ಮಗಳ ಶಾಲೆಯಿಂದ ಒಂದು ಪತ್ರ ಬಂತು. ಏಳನೇ ಕ್ಲಾಸಿನವರನ್ನು ನಾಗರಿಕ ಸ್ವಾತಂತ್ರ್ಯದ ಸ್ಮಾರಕ ಪಾರ್ಕ್ ನೋಡಲು ಕರೆದುಕೊಂಡು ಹೋಗುತ್ತಾರಂತೆ. ಪತ್ರದಲ್ಲಿ ಸ್ವಾತಂತ್ರ್ಯದ ಬಗ್ಗೆ ಒಂದು ಸಾಲು, ಷರತ್ತುಗಳ ಬಗ್ಗೆ ಒಂದೂವರೆ ಪುಟ. ಜೊತೆಗೆ ಒಬ್ಬ ಪೋಷಕರು ಬೇಕು ಅಂದರು. ಸುಮ್ನೆ ಇರಲಾರದೆ ಕೈ ಎತ್ತಿದೆ.

ಬಸ್ಸು ಕೊಪ್ಪಳ ಕೋಟೆಯ ಬೆಟ್ಟ ದಾಟಿಯೇ ಹೋಯಿತು. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ಜೊತೆ ಕಾದಾಡಿ ಪ್ರಾಣ ಬಿಟ್ಟ ಕೋಟೆ. "ಇಲ್ಲಿ ಇಳಿಯೋಣ್ರಿ ಸರ್" ಅಂದ ಒಬ್ಬ ಹುಡುಗ. "ಇದು ಲಿಸ್ಟಿನ್ಯಾಗ ಇಲ್ಲಪಾ" ಅಂದರು ಮಾಸ್ತರು. ಪಾಪ, ಅವರದೇನು ತಪ್ಪು, ಮೇಲಿನಿಂದ ಅನುಮತಿ ಬಂದಿದ್ದು ಪಾರ್ಕಿಗೆ ಮಾತ್ರ.

ಅನುಮತಿ ಅಂದರೆ ನಮ್ಮ ಭಾಗಕ್ಕೆ ಹೊಸದೇನಲ್ಲ. ನಾವು ನಿಜಾಮನ ಕೈಯಲ್ಲಿದ್ದಾಗ ಗಸ್ತಿ ನಿಶಾನ್ 53 ಅಂತ ಒಂದು ಹುಕುಂ ಇತ್ತು, ನಾಲ್ಕು ಜನ ಸಭೆ ಅಂತ ಸೇರಬೇಕಾದರೂ ಮೊದಲು ಸರ್ಕಾರದ ಪರವಾನಗಿ ತಗೋಬೇಕಿತ್ತು. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸಿಕ್ಕ ಸ್ವಾತಂತ್ರ್ಯ ಕೊಪ್ಪಳ, ರಾಯಚೂರಿಗೆ ಬಂದು ಮುಟ್ಟಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಹದಿಮೂರು ತಿಂಗಳು ಲೇಟು. ಪಾರ್ಕಿನಲ್ಲಿ ಈ ಬಗ್ಗೆ ಒಂದು ಬೋರ್ಡೂ ಇಲ್ಲ.

ಬೇರೆ ಬೋರ್ಡುಗಳು ಬೇಕಾದಷ್ಟಿವೆ. ಹುಲ್ಲು ತುಳಿಯಬೇಡಿ. ಕಲ್ಲು ಮುಟ್ಟಬೇಡಿ. ಫೋಟೋ ತೆಗೆಯಬೇಡಿ. ಗುಂಪಾಗಿ ನಿಲ್ಲಬೇಡಿ. ಹುಲ್ಲು ಮಾತ್ರ ಎಲ್ಲೂ ಕಾಣಲಿಲ್ಲ, ನಮ್ಮ ಬಿಸಿಲಿಗೆ ಅದು ಯಾವಾಗಲೋ ಮುಕ್ತಿ ಪಡೆದಿತ್ತು.

ಗೇಟಿನಲ್ಲಿ ಬ್ಯಾಗ್ ತಪಾಸಣೆ. ವಾಚ್‌ಮನ್ ಕಾಕಾ ಮಕ್ಕಳ ಕಂಪಾಸ್ ಪೆಟ್ಟಿಗೆ ತೆಗೆಸಿ ಎಲ್ಲರ ಕೈವಾರ ಕಸಿದು ಒಂದು ಬಕೆಟ್ಟಿಗೆ ಹಾಕಿದರು. ಚೂಪಾಗಿವೆಯಂತೆ. ಅತಿಯಾಯ್ತು ಅಂದುಕೊಂಡೆ. ಒಳಗೆ ಸಂವಿಧಾನದ 19ನೇ ವಿಧಿಯ ಒಂದೊಂದು ಸ್ವಾತಂತ್ರ್ಯಕ್ಕೂ ಒಂದೊಂದು ಕಲ್ಲು. 19(1)(ಬಿ) ಕಲ್ಲು ಓದಿದ ಮೇಲೆ ಗೊತ್ತಾಯಿತು: ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಸ್ವಾತಂತ್ರ್ಯ. ಕಾಕಾ ಸಂವಿಧಾನ ಓದಿಕೊಂಡಿದ್ದಾರೆ!

ಅದಕ್ಕೂ ಮೊದಲಿನ (ಎ) ಕಲ್ಲು ಮಾತಿನ ಸ್ವಾತಂತ್ರ್ಯದ್ದು. ಅದರ ಮುಂದೆ ಮಕ್ಕಳು ಗಲಾಟೆ ಮಾಡಿದರು. "ಬಾಯಿ ಮ್ಯಾಲೆ ಬೆರಳಿಡ್ರಿ" ಅಂದರು ಮಾಸ್ತರು. ಇಟ್ಟರು.

ಹಾಗೇ ಸಾಲಾಗಿ ಸಿ, ಡಿ, ಇ ದಾಟಿದ ಮೇಲೆ ಒಬ್ಬಳು ಬೆರಳು ತೆಗೆದು ಕೇಳಿಯೇಬಿಟ್ಟಳು. "ಸರ್, ಇ ಆದ ಮ್ಯಾಗ ಜಿ ಐತ್ರಿ. ಎಫ್ ಎಲ್ಲಿ ಹೋತ್ರಿ?"

ಮಾಸ್ತರು ವಾಚ್‌ಮನ್ ಮುಖ ನೋಡಿದರು.

"ಯಾರೋ ಕಿತ್ಕೊಂಡು ಹೋಗ್ಯಾರವ್ವಾ" ಅಂದರು ಕಾಕಾ. "ಗ್ರಾನೈಟ್ ಕಲ್ಲಲ್ಲೇನು, ಬಿಡ್ತಾರೇನು?"

"ಹಂಗಾರ ಕಂಪ್ಲೇಂಟ್ ಕೊಡ್ರಿ ಮತ್ತ" ಅಂತ ಮಾಸ್ತರು ಸಿಟ್ಟಾದರು.

ಅಲ್ಲಿ ಕಲ್ಲು ಹಾಕಿಯೇ ಇರಲಿಲ್ಲ. ಎಫ್‌ನಲ್ಲಿ ಇದ್ದದ್ದು ಆಸ್ತಿಯ ಸ್ವಾತಂತ್ರ್ಯ. 1978ರ 44ನೇ ತಿದ್ದುಪಡಿಯಲ್ಲಿ ಅದನ್ನು ಪಾರ್ಲಿಮೆಂಟೇ ತೆಗೆದುಹಾಕಿತು, ಅದಕ್ಕೇ ಏಳಿದ್ದದ್ದು ಈಗ ಆರು. ಆಸ್ತಿ ಹಕ್ಕೇ ಕಳುವಾಗಿದೆ ಅಂತ ಪೊಲೀಸ್ ಸ್ಟೇಷನ್ನಿಗೆ ಹೊರಟವರನ್ನು ನಾನು ನೋಡಿದ್ದು ಇದೇ ಮೊದಲು. ಹೇಳೋಣ ಅಂತ ಬಾಯಿ ತೆರೆಯಲು ಹೋದೆ. ನೋಡಿದರೆ ನನ್ನ ಬೆರಳೂ ಬಾಯಿ ಮೇಲೇ ಇತ್ತು.

ಜಿ ಅಂದರೆ ಯಾವುದೇ ಕೆಲಸ, ವ್ಯಾಪಾರ ಮಾಡುವ ಸ್ವಾತಂತ್ರ್ಯ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದ ಹೊತ್ತಿಗೇ ಕಾಕಾ ಗೇಟಿನ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುತ್ತಿದ್ದ ಅಕ್ಕನ ತಳ್ಳುಗಾಡಿಯನ್ನು ಓಡಿಸುತ್ತಿದ್ದರು. ಸಾಹೇಬರು ಬರುವವರಿದ್ದಾರಂತೆ. ಸಾಹೇಬರು ಬರಲಿಲ್ಲ, ಮಿರ್ಚಿಯೂ ಹೋಯಿತು. ನನಗೆ ಎಫ್‌ಗಿಂತ ಜಾಸ್ತಿ ಬೇಜಾರಾಗಿದ್ದು ಇದಕ್ಕೆ.

ಜೀವಿಸುವ ಹಕ್ಕಿನ 21ನೇ ವಿಧಿಗೆ ಎಲ್ಲಕ್ಕಿಂತ ದೊಡ್ಡ ಕಲ್ಲು. ಅದರ ಹಿಂದೆ ಶೌಚಾಲಯ. ಬೀಗ. ಕೀಲಿ ಕಾಂಟ್ರ್ಯಾಕ್ಟರ್ ಹತ್ತಿರ.

ಮರುದಿನ ಪ್ರಬಂಧ ಸ್ಪರ್ಧೆ, "ನಾನು ಕಂಡ ಸ್ವಾತಂತ್ರ್ಯ". ಮಾಸ್ತರು ಬೋರ್ಡಿನ ಮೇಲೆ ಬರೆದರು, ಮೂವತ್ತೆಂಟು ಮಕ್ಕಳೂ ನೋಡಿ ಬರೆದರು. ಎಲ್ಲರೂ ಕಂಡಿದ್ದು ಒಂದೇ ಸ್ವಾತಂತ್ರ್ಯ, ಅಲ್ಪವಿರಾಮ ಸಮೇತ. ಮೊದಲ ಬಹುಮಾನ ಯಾರಿಗೆ ಕೊಡುವುದು ಅಂತ ಭಾಳ ಚರ್ಚೆ ಆಗಿ, ಕೊನೆಗೆ ಅಕ್ಷರ ದುಂಡಗಿದ್ದವಳಿಗೆ ಕೊಟ್ಟರು.

ನನ್ನ ಮಗಳು ಕೊನೆಯಲ್ಲಿ ಒಂದು ಸಾಲು ತಾನೇ ಸೇರಿಸಿದ್ದಳು: "ವಾಪಸ್ ಬರುವಾಗ ಸರ್ ನಿದ್ದೆ ಮಾಡಿದರು, ನಾವು ಜೋರಾಗಿ ಹಾಡಿದೆವು." ಅದರ ಕೆಳಗೆ ಕೆಂಪು ಇಂಕಿನ ಗೆರೆ. ಪಕ್ಕದಲ್ಲಿ, "ವಿಷಯಕ್ಕೆ ಸಂಬಂಧಿಸಿಲ್ಲ. ಎರಡು ಅಂಕ ಕಡಿತ."